ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿಬಿದ್ದ ತಟಸ್ಥ ಅಣು

(ಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಬೋರ್ಡಿನ ಮೇಲೆ ಸೂತ್ರ ಬರೆಯಬಾರದು ಎಂಬುದು ಸಂಘಟಕರು ನನಗೆ ಹಾಕಿದ ಒಂದೇ ಷರತ್ತು. ಒಪ್ಪಿಕೊಂಡಿದ್ದೇನೆ. ಅಂಕಿಗಳನ್ನು ಮಾತ್ರ ಬಿಡಲಾರೆ, ಏಕೆಂದರೆ ಇವತ್ತಿನ ವಿಷಯದ ಸ್ವಾರಸ್ಯವೆಲ್ಲ ಅಂಕಿಗಳಲ್ಲೇ ಇದೆ.

ನೀವೆಲ್ಲ ಶಾಲೆಯಲ್ಲಿ ನೋಡಿರುವ ಒಂದು ಪ್ರಯೋಗ ನೆನಪಿಸಿಕೊಳ್ಳಿ. ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣ ತಲೆಯನ್ನು ನಾಲ್ಕು ಸಲ ಬಾಚಿ, ನಲ್ಲಿಯಿಂದ ಸಣ್ಣಗೆ ಬೀಳುತ್ತಿರುವ ನೀರಿನ ಹತ್ತಿರ ಹಿಡಿದರೆ ಧಾರೆ ಬಾಚಣಿಗೆಯ ಕಡೆಗೆ ಬಾಗುತ್ತದೆ. ಶಿವರಾತ್ರಿಯ ಆಸುಪಾಸಿನ ಒಣಹವೆಯಲ್ಲಿ ಚೆನ್ನಾಗಿ ಬಾಗುತ್ತದೆ. ಮಳೆಗಾಲದಲ್ಲಿ ತೋರಿಸಲು ಹೊರಟ ಮೇಷ್ಟರ ಮರ್ಯಾದೆಗೆ ಹೊಣೆ ಯಾರೂ ಇಲ್ಲ. ಇದಕ್ಕೆ ಕೊಡುವ ವಿವರಣೆಯೂ ನಿಮಗೆ ಗೊತ್ತು. ನೀರಿನ ಅಣು ಒಟ್ಟಾರೆ ತಟಸ್ಥ, ಆದರೆ ಆಕ್ಸಿಜನ್ ಇರುವ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಇರುವ ಕಡೆ ಸ್ವಲ್ಪ ಧನ. ಹೀಗೆ ಎರಡು ತುದಿಯಿರುವ ಅಣುಗಳನ್ನು, ಅಂದರೆ ದ್ವಿಧ್ರುವಗಳನ್ನು, ಬಾಚಣಿಗೆಯ ವಿದ್ಯುತ್ ಕ್ಷೇತ್ರ ತಿರುಗಿಸಿ ತನ್ನತ್ತ ಎಳೆದುಕೊಳ್ಳುತ್ತದೆ ಎಂದು ಹೇಳುತ್ತಾರೆ.

ಈ ವಿವರಣೆ ನಿಲ್ಲುವುದಿಲ್ಲ. ಅಮೆರಿಕದ ರಸಾಯನಶಾಸ್ತ್ರ ಶಿಕ್ಷಣದ ಪತ್ರಿಕೆಯೊಂದರಲ್ಲಿ 2000ರಲ್ಲಿ ಬಂದ ಲೇಖನವೊಂದು ಇದನ್ನು ಪರೀಕ್ಷೆ ಮಾಡಿ ತೋರಿಸಿತು. ಬಾಗುವುದಕ್ಕೆ ಮುಖ್ಯ ಕಾರಣ ಅಣುವಿನ ಎರಡು ತುದಿಗಳಲ್ಲ. ಬಾಚಣಿಗೆ ಹತ್ತಿರ ಬಂದಾಗ ನಲ್ಲಿಯ ಮೂಲಕ ನೀರಿಗೆ ವಿರುದ್ಧ ಆವೇಶ ಹರಿದು ಬಂದು, ಬೀಳುವ ಹನಿಗಳೇ ಆವೇಶ ಹೊತ್ತುಕೊಳ್ಳುತ್ತವೆ. ಎಳೆತ ಆ ಆವೇಶದ ಮೇಲೆ. ಅಂದರೆ ತಟಸ್ಥ ಅಣುವಿನ ಪಾಠಕ್ಕೆ ನಾವು ಬಳಸುತ್ತಿರುವ ಉದಾಹರಣೆಯಲ್ಲಿ ನೀರು ತಟಸ್ಥವಾಗಿ ಉಳಿದೇ ಇರುವುದಿಲ್ಲ.

ಹಾಗಾದರೆ ನಿಜವಾಗಿಯೂ ತಟಸ್ಥವಾಗಿರುವ ಅಣುವಿನ ಮೇಲೆ ವಿದ್ಯುತ್ ಕ್ಷೇತ್ರದ ಹಿಡಿತ ಎಷ್ಟು? ಸಮನಾದ ಕ್ಷೇತ್ರದಲ್ಲಿ ಧನ ತುದಿಯನ್ನು ಅತ್ತ ಎಳೆಯುವಷ್ಟೇ ಬಲ ಋಣ ತುದಿಯನ್ನು ಇತ್ತ ಎಳೆಯುತ್ತದೆ. ಅಣು ತಿರುಗುತ್ತದೆ, ಸಾಗುವುದಿಲ್ಲ. ಸಾಗಬೇಕಾದರೆ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಕ್ಷೇತ್ರ ಬದಲಾಗಿರಬೇಕು. ಅಣುವಿನ ಉದ್ದವೋ, ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು. ಅಷ್ಟು ದೂರದಲ್ಲಿ ಯಾವ ಕ್ಷೇತ್ರ ತಾನೇ ಎಷ್ಟು ಬದಲಾದೀತು?

ಅಳೆದೇ ಹೇಳೋಣ. ದ್ವಿಧ್ರುವದ ಬಲವನ್ನು ಪೀಟರ್ ಡಿಬೈ ಹೆಸರಿನ ಏಕಮಾನದಲ್ಲಿ ಅಳೆಯುತ್ತಾರೆ. ನೀರಿನದು 1.85 ಡಿಬೈ, ಅಮೋನಿಯಾದ್ದು ಸುಮಾರು 1.5. ನಮ್ಮ ಉಸಿರಿನ ನೈಟ್ರೋಜನ್, ಆಕ್ಸಿಜನ್‌ಗಳದ್ದು ಸೊನ್ನೆ. ಒಂದು ಡಿಬೈ ಇರುವ ಅಣುವನ್ನು ಸೆಂಟಿಮೀಟರಿಗೆ 1 ಲಕ್ಷ ವೋಲ್ಟ್ ಇರುವ ಕ್ಷೇತ್ರದಲ್ಲಿ ಇಟ್ಟೆವೆನ್ನಿ. ಸಾಧಾರಣ ಗಾಳಿ ಸೆಂಟಿಮೀಟರಿಗೆ 30 ಸಾವಿರ ವೋಲ್ಟ್ ದಾಟಿದರೆ ಕಿಡಿ ಹಾರಿಸುತ್ತದೆ, ಆದ್ದರಿಂದ ಇದು ನಿರ್ವಾತದಲ್ಲಿ ಮಾತ್ರ ಸಾಧ್ಯವಾಗುವ ಭಾರಿ ಕ್ಷೇತ್ರ. ಇಷ್ಟೆಲ್ಲ ಮಾಡಿದರೂ ಕ್ಷೇತ್ರಕ್ಕೂ ಅಣುವಿಗೂ ನಡುವಿನ ಶಕ್ತಿ, ತಾಪದ ಲೆಕ್ಕದಲ್ಲಿ ಹೇಳುವುದಾದರೆ, 2.4 ಕೆಲ್ವಿನ್. ಈ ಸಭಾಂಗಣದಲ್ಲಿ ಸುತ್ತುತ್ತಿರುವ ಅಣುಗಳ ಶಕ್ತಿ ಸುಮಾರು 300 ಕೆಲ್ವಿನ್ ಲೆಕ್ಕದ್ದು. ಶೇಕಡ ಒಂದರಷ್ಟೂ ಇಲ್ಲದ ಹಿಡಿತ. ಇದನ್ನಿಟ್ಟುಕೊಂಡು, ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಓಡುವ ಅಣುವನ್ನು ನಿಲ್ಲಿಸಿದವರ ಕತೆ ಹೇಳಲು ಬಂದಿದ್ದೇನೆ.

ಮೊದಲು ಯಾರೂ ನಿಲ್ಲಿಸಲು ಹೋಗಲಿಲ್ಲ, ಬೇರ್ಪಡಿಸಲು ಮಾತ್ರ ಬಳಸಿದರು. 1954ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಾರ್ಡನ್, ಝೈಗರ್, ಟೌನ್ಸ್ ಅಮೋನಿಯಾ ಅಣುಗಳ ಧಾರೆಯನ್ನು ವಿದ್ಯುತ್ ಕಡ್ಡಿಗಳ ನಡುವೆ ಹಾಯಿಸಿದರು. ಶಕ್ತಿಯ ಮೇಲಿನ ಮಟ್ಟದಲ್ಲಿದ್ದ ಅಣುಗಳು ನಡುವಿಗೆ ಬಂದು ಸೇರಿದವು, ಕೆಳ ಮಟ್ಟದವು ಆಚೆ ಚದುರಿದವು. ನಡುವೆ ಉಳಿದವು ಸುಮಾರು 24 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಒಟ್ಟಾಗಿ ಹೊಮ್ಮಿಸಿದ್ದೇ ಮೇಸರ್, ಲೇಸರಿನ ಅಣ್ಣ. ಟೌನ್ಸ್‌ಗೆ 1964ರಲ್ಲಿ ನೊಬೆಲ್ ಬಂದಾಗ ಲೇಸರಿನ ಮಾತೇ ಎಲ್ಲೆಡೆ ಇತ್ತು. ಅದರ ಹಿಂದೆ ತಟಸ್ಥ ಅಣುಗಳನ್ನು ದಾರಿಗೆ ತಂದ ನಾಲ್ಕು ಕಡ್ಡಿಗಳಿದ್ದವೆಂದು ಹೇಳಿದವರು ಕಡಿಮೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬಾಚಣಿಗೆಯ ಪಾಠದ ಪ್ರಕಾರ ಅಣು ಯಾವಾಗಲೂ ಕ್ಷೇತ್ರ ಜೋರಾಗಿರುವ ಕಡೆಗೇ ಹೋಗಬೇಕು. ಕ್ವಾಂಟಮ್ ಲೋಕದಲ್ಲಿ ಹಾಗಿಲ್ಲ. ಅಣು ಯಾವ ಸ್ಥಿತಿಯಲ್ಲಿದೆ ಎನ್ನುವುದರ ಮೇಲೆ ಅದು ಜೋರಾದ ಕಡೆಗೂ ಸರಿಯಬಹುದು, ಕ್ಷೇತ್ರ ಸಪ್ಪೆಯಾಗಿರುವ ಕಡೆಗೂ ಸರಿಯಬಹುದು. ಎರಡನೆಯ ಬಗೆಯವೇ ನಮಗೆ ಬೇಕಾದವು. ಖಾಲಿ ಜಾಗದಲ್ಲಿ ಸ್ಥಿರ ವಿದ್ಯುತ್ ಕ್ಷೇತ್ರವನ್ನು ಸುತ್ತಲಿಗಿಂತ ನಟ್ಟನಡುವೆ ಹೆಚ್ಚಾಗಿ ಮಾಡಲು ನಿಸರ್ಗ ಬಿಡುವುದಿಲ್ಲ. ನಡುವೆ ಕಡಿಮೆ ಮಾಡಲು ಅಡ್ಡಿಯಿಲ್ಲ. ಆದ್ದರಿಂದ ಸಪ್ಪೆ ಜಾಗ ಹುಡುಕಿಕೊಂಡು ಬರುವ ಅಣುವನ್ನು ನಾಲ್ಕೂ ಕಡೆ ಗೋಡೆ ಎಬ್ಬಿಸಿ ಕೂಡಿಹಾಕಬಹುದು. ಮುಂದೆ ಬರುವ ಯಂತ್ರಗಳೆಲ್ಲ ಈ ಒಂದು ಸವಲತ್ತಿನ ಮೇಲೆ ನಿಂತಿವೆ.

ಕೂಡಿಹಾಕುವ ಮೊದಲು ವೇಗ ಇಳಿಸಬೇಕಲ್ಲ. 1958ರ ಸುಮಾರಿಗೆ ಎಂ.ಐ.ಟಿ.ಯಲ್ಲಿ ಜಾನ್ ಕಿಂಗ್ ಅಮೋನಿಯಾವನ್ನು ನಿಧಾನ ಮಾಡಲು ಹೊರಟರು. 1960ರ ದಶಕದಲ್ಲಿ ಷಿಕಾಗೋದ ಲೆನಾರ್ಡ್ ವಾರ್ಟನ್ ಇದರ ತಿರುಗುಮುರುಗು ಮಾಡಲು, ಅಂದರೆ ಲಿಥಿಯಂ ಫ್ಲೋರೈಡ್ ಅಣುಗಳ ವೇಗ ಹೆಚ್ಚಿಸಲು, 11 ಮೀಟರ್ ಉದ್ದದ ಯಂತ್ರವನ್ನೇ ಕಟ್ಟಿಸಿದರು. ಎರಡೂ ಫಲ ಕೊಡಲಿಲ್ಲ. ವಿದ್ಯಾರ್ಥಿಗಳು ಥೀಸಿಸ್ ಬರೆದು ಹೋದ ಮೇಲೆ ಯಂತ್ರಗಳ ಕೆಲಸವೂ ನಿಂತುಹೋಯಿತು. ಈ ಸೋಲುಗಳನ್ನು ಪಠ್ಯಪುಸ್ತಕ ಬರೆಯುವವರು ಬಿಟ್ಟುಬಿಡುತ್ತಾರೆ. ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಯತ್ನ ಗೆಲ್ಲುವುದಕ್ಕೆ ಸುಮಾರು 30 ವರ್ಷ ಬೇಕಾಯಿತು ಎಂಬುದು ಆ ಕೆಲಸ ಎಷ್ಟು ಕಷ್ಟದ್ದು ಎಂದು ಹೇಳುತ್ತದೆ.

ಗೆದ್ದದ್ದು 1999ರಲ್ಲಿ, ನೆದರ್ಲೆಂಡ್ಸಿನಲ್ಲಿ. ಹೆಂಡ್ರಿಕ್ ಬೆತ್ಲೆಮ್, ಗೀಲ್ ಬೆರ್ಡೆನ್, ಗೆರಾರ್ಡ್ ಮೈಯರ್ ಕಟ್ಟಿದ ಯಂತ್ರವನ್ನು ಹತ್ತಿರದಿಂದ ನೋಡೋಣ. 3 ಮಿಲಿಮೀಟರ್ ದಪ್ಪದ ಎರಡು ಲೋಹದ ಕಡ್ಡಿಗಳು ಅಕ್ಕಪಕ್ಕದಲ್ಲಿವೆ, ನಡುವಿನ ಸಂದು ಒಂದೂವರೆ ಮಿಲಿಮೀಟರಿಗೆ ಒಂದಿಷ್ಟು ಹೆಚ್ಚು. ಒಂದಕ್ಕೆ ಧನ 10 ಸಾವಿರ ವೋಲ್ಟ್, ಇನ್ನೊಂದಕ್ಕೆ ಋಣ 10 ಸಾವಿರ. ಸುಮಾರು 5.5 ಮಿಲಿಮೀಟರ್ ಮುಂದೆ ಇನ್ನೊಂದು ಜೋಡಿ, ಈ ಸಲ ಮಲಗಿದ್ದಲ್ಲ, ನಿಂತದ್ದು. ಅದರ ಮುಂದೆ ಮತ್ತೆ ಮಲಗಿದ್ದು. ಹೀಗೆ 63 ಜೋಡಿ. ಒಟ್ಟು ಉದ್ದ ಮೇಷ್ಟರ ಮೇಜಿನ ಮೇಲಿರುವ ಅಡಿಕೋಲಿಗಿಂತ ತುಸು ಜಾಸ್ತಿ, ಸುಮಾರು 35 ಸೆಂಟಿಮೀಟರ್. ಇಷ್ಟೇ ಯಂತ್ರ.

ಇದು ಕೆಲಸ ಮಾಡುವ ಬಗೆಗೆ ಜೆ.ಪಿ. ನಗರದ ರಸ್ತೆ ಹಂಪ್‌ಗಳನ್ನು ನೆನೆಸಿಕೊಳ್ಳಿ. ಪೆಡಲ್ ತುಳಿಯದೆ ಸೈಕಲ್ ಬಿಟ್ಟರೆ ಹಂಪ್ ಏರುವಾಗ ವೇಗ ತಗ್ಗುತ್ತದೆ, ಇಳಿಯುವಾಗ ಕಳೆದದ್ದೆಲ್ಲ ವಾಪಸ್ ಬರುತ್ತದೆ. ಲಾಭ ನಷ್ಟ ಸಮ. ಆದರೆ ನೀವು ನೆತ್ತಿಗೆ ಬಂದ ಕ್ಷಣಕ್ಕೆ ಹಂಪೇ ಮಾಯವಾಗಿ, ಮುಂದೆ ಹೊಸ ಹಂಪ್ ಎದ್ದರೆ? ಏರುವುದಷ್ಟೇ ಉಳಿಯಿತು, ಇಳಿಯುವುದಿಲ್ಲ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಖೋತಾ. ಸಪ್ಪೆ ಕ್ಷೇತ್ರ ಬಯಸುವ ಅಣುವಿಗೆ ಕಡ್ಡಿಗಳ ನಡುವಿನ ಜೋರಾದ ಕ್ಷೇತ್ರವೇ ಏರು. ಅಣು ನೆತ್ತಿಗೆ ಹತ್ತಿರವಾಗುತ್ತಿದ್ದಂತೆ ಆ ಜೋಡಿಯ ವೋಲ್ಟೇಜ್ ಆರಿಸಿ ಮುಂದಿನ ಜೋಡಿಗೆ ಹೊತ್ತಿಸುತ್ತಾರೆ.

ಅವರು ಬಳಸಿದ್ದು ಕಾರ್ಬನ್ ಮಾನಾಕ್ಸೈಡ್. ಮಾಮೂಲಿ ಸ್ಥಿತಿಯಲ್ಲಿ ಅದರ ದ್ವಿಧ್ರುವ 0.11 ಡಿಬೈ ಮಾತ್ರ, ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೆ ನೇರಳಾತೀತ ಲೇಸರ್ ಹೊಡೆದು ಕೆಲವು ಮಿಲಿಸೆಕೆಂಡ್ ಬಾಳುವ ಉದ್ರಿಕ್ತ ಸ್ಥಿತಿಗೆ ಏರಿಸಿದರು. ಅಲ್ಲಿ ದ್ವಿಧ್ರುವ ಹತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಸೆಕೆಂಡಿಗೆ 225 ಮೀಟರ್ ವೇಗದಲ್ಲಿ ಒಳಹೊಕ್ಕ ಅಣು 98 ಮೀಟರಿಗೆ ಇಳಿದು ಹೊರಬಂತು. ವೇಗದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು, ಚಲನ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಹೋಯಿತು. ಒಂದೊಂದು ಜೋಡಿ ಕಿತ್ತುಕೊಂಡದ್ದು ಸುಮಾರು 1 ಕೆಲ್ವಿನ್ ಲೆಕ್ಕದ ಶಕ್ತಿ. ಶೇಕಡ ಒಂದು ಚಿಲ್ಲರೆಯನ್ನು 63 ಸಲ ತಪ್ಪದೆ ವಸೂಲಿ ಮಾಡಿದ್ದೇ ಸಾಧನೆ.

ತಪ್ಪದೆ ಎಂದೆ. ಮೊದಲ ಜೋಡಿಗಳ ನಡುವೆ ಅಣು ಹಾಯಲು 24 ಮೈಕ್ರೋಸೆಕೆಂಡ್ ತೆಗೆದುಕೊಂಡರೆ, ನಿಧಾನವಾದ ಮೇಲೆ ಕೊನೆಯವುಗಳ ನಡುವೆ 56. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲನ್ನು ಮೈಕ್ರೋಸೆಕೆಂಡ್ ಎನ್ನುತ್ತಾರೆ. ಆದ್ದರಿಂದ ಹೊತ್ತಿಸಿ ಆರಿಸುವ ಲಯ ಅಣುವಿನ ಜೊತೆಗೇ ನಿಧಾನವಾಗುತ್ತ ಹೋಗಬೇಕು. 20 ಸಾವಿರ ವೋಲ್ಟನ್ನು ಇಂಥ ಚುರುಕಿನಿಂದ ಆರಿಸಿ ಹೊತ್ತಿಸುವ ಸ್ವಿಚ್ಚುಗಳು ಕಿಂಗ್, ವಾರ್ಟನ್ ಕಾಲದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಹಿಡಿತ ಎಷ್ಟು ಬಡವಾಗಿದ್ದರೂ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿದರೆ ಸಾಕು ಎಂಬುದು ಇಲ್ಲಿ ರುಜುವಾಯಿತು. ಮರುವರ್ಷವೇ, 2000ದಲ್ಲಿ, ಅದೇ ತಂಡ ಭಾರಜಲಜನಕದ ಅಮೋನಿಯಾವನ್ನು ಪೂರ್ತಿ ನಿಲ್ಲಿಸಿ, 0.35 ಕೆಲ್ವಿನ್‌ಗಿಂತ ತಣ್ಣಗೆ, ವಿದ್ಯುತ್ ಬೋನಿನಲ್ಲಿ ಕೂಡಿಹಾಕಿತು. 2001ರಲ್ಲಿ ಅಣುಗಳು ಸುತ್ತು ಹಾಕುವ ಉಂಗುರವೂ ಬಂತು.

ಇನ್ನು ಬೆಂಗಳೂರಿನ ಮಾತು. ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ ಪ್ರಯೋಗ ಮ್ಯೂನಿಕ್ ಹತ್ತಿರದ ಗಾರ್ಖಿಂಗ್‌ನಲ್ಲಿ, ಗೆರ್ಹಾರ್ಡ್ ರೆಂಪೆ ಅವರ ಪ್ರಯೋಗಾಲಯದಲ್ಲಿ ನಡೆದದ್ದು. 2003ರಲ್ಲಿ ಪ್ರಕಟವಾದ ಆ ಲೇಖನದ ಮೊದಲ ಲೇಖಕರು ಸಾದಿಕ್ ರಂಗವಾಲಾ. ಮುಂದೆ ಅವರು ತಮ್ಮ ಪ್ರಯೋಗಾಲಯ ಕಟ್ಟಿದ್ದು ಇದೇ ಊರಿನಲ್ಲಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಗಾರ್ಖಿಂಗ್‌ನ ಉಪಾಯ ಇದು: ಒಂದು ಅಣುವನ್ನೂ ನಿಧಾನ ಮಾಡುವ ಗೋಜಿಗೆ ಹೋಗಬೇಡಿ. ಕೋಣೆಯ ತಾಪದಲ್ಲಿರುವ ಅನಿಲದಲ್ಲೇ ನಿಧಾನಸ್ಥರು ಇದ್ದೇ ಇರುತ್ತಾರೆ, ಅವರನ್ನು ಆರಿಸಿಕೊಳ್ಳಿ. ಫಾರ್ಮಾಲ್ಡಿಹೈಡ್ ಅನಿಲದ ಅಣುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ ಸುಮಾರು 400 ಮೀಟರ್ ಆಸುಪಾಸಿನಲ್ಲಿ ಓಡುತ್ತವೆ. ಮ್ಯಾಕ್ಸ್‌ವೆಲ್ ನಿಯಮ ಹಾಕಿ ಲೆಕ್ಕ ಮಾಡಿದರೆ 30 ಮೀಟರಿಗಿಂತ ಕಡಿಮೆ ವೇಗದವು ಹತ್ತು ಸಾವಿರಕ್ಕೆ ಮೂರು ಸಿಗುತ್ತವೆ. ಮೂರೇ ಎನ್ನಬೇಡಿ, ಅನಿಲದಲ್ಲಿ ಅಣುಗಳಿಗೆ ಬರವಿಲ್ಲ. ನಾಲ್ಕು ಉದ್ದನೆಯ ಕಡ್ಡಿಗಳನ್ನು ಚೌಕಾಕಾರವಾಗಿ ನಿಲ್ಲಿಸಿ, ಧನ ಋಣ ಧನ ಋಣ ಎಂದು ವೋಲ್ಟೇಜ್ ಕೊಟ್ಟರೆ ನಟ್ಟನಡುವೆ ಕ್ಷೇತ್ರ ಸೊನ್ನೆ, ಸುತ್ತಲೂ ಏರು. ಸಪ್ಪೆ ಕ್ಷೇತ್ರ ಬಯಸುವ ಅಣು ಒಳಗೇ ಉಳಿದು ಮುಂದೆ ಸಾಗುತ್ತದೆ. ಆಮೇಲೆ ಆ ನಾಲ್ಕೂ ಕಡ್ಡಿಗಳನ್ನು ಒಂದು ಕಡೆ ಬಾಗಿಸುತ್ತಾರೆ. ತಿರುವಿನಲ್ಲಿ ವೇಗದ ಅಣುಗಳನ್ನು ತಿರುಗಿಸುವಷ್ಟು ಬಲ ಕ್ಷೇತ್ರಕ್ಕಿಲ್ಲ, ಅವು ನೇರ ಹೋಗಿ ಕಳೆದುಹೋಗುತ್ತವೆ. ನಿಧಾನವಾದವು ತಿರುಗಿ ಆಚೆಯ ನಿರ್ವಾತಕ್ಕೆ ಬರುತ್ತವೆ. ಫಾರ್ಮಾಲ್ಡಿಹೈಡ್‌ನಲ್ಲಿ ಹೀಗೆ ಸೆಕೆಂಡಿಗೆ ಸುಮಾರು 100 ಕೋಟಿ ಅಣುಗಳು, ಕೆಲವೇ ಕೆಲ್ವಿನ್ ತಾಪದಲ್ಲಿ, ಎಡೆಬಿಡದೆ ಬಂದವು.

ನೋಡಿ, ಕ್ಷೇತ್ರದ ದೌರ್ಬಲ್ಯ ಇಲ್ಲಿ ಉಪಯೋಗಕ್ಕೇ ಬಂತು. ಹಿಡಿತ ಜೋರಾಗಿದ್ದರೆ ವೇಗದವೂ ತಿರುಗಿಬಿಡುತ್ತಿದ್ದವು. ಮೈಕ್ರೋಸೆಕೆಂಡ್ ಸ್ವಿಚ್ಚು ಬೇಕಿಲ್ಲ, ಬಿಟ್ಟುಬಿಟ್ಟು ಬರುವ ಧಾರೆಯ ತಾಪತ್ರಯವಿಲ್ಲ. ಅದೇ ಗುಂಪು ಮುಂದೆ ಇದೇ ಅನಿಲವನ್ನು ಬೋನಿನಲ್ಲಿಟ್ಟು, ಬೇರೆ ವಿಧಾನಗಳಿಂದ ತಂಪು ಮಾಡುತ್ತ ಹೋಗಿ, 2016ರಲ್ಲಿ ಒಂದು ಕೆಲ್ವಿನ್ನಿನ ಸಾವಿರದ ಒಂದು ಪಾಲಿಗಿಂತ ಕೆಳಗೆ ಇಳಿಸಿತು: 420 ಮೈಕ್ರೋಕೆಲ್ವಿನ್.

ಸದಾಶಿವನಗರದಲ್ಲಿ ರಂಗವಾಲಾ ಹಿಡಿದ ದಾರಿ ಬೇರೆ. ಅಲ್ಲಿ ಕ್ಷೇತ್ರ ಬರುವುದು ಬರೀ ಲೋಹದ ಕಡ್ಡಿಯಿಂದಲ್ಲ, ಒಂದು ಅಯಾನಿನಿಂದಲೂ ಬರುತ್ತದೆ. ರುಬಿಡಿಯಂ ಪರಮಾಣು ತಟಸ್ಥ, ಅದಕ್ಕೆ ತನ್ನದೇ ದ್ವಿಧ್ರುವವೂ ಇಲ್ಲ. ಆದರೆ ಆವೇಶವಿರುವ ಅಯಾನು ಹತ್ತಿರ ಬಂದರೆ ಅದರ ಕ್ಷೇತ್ರ ಪರಮಾಣುವಿನ ಎಲೆಕ್ಟ್ರಾನು ಮೋಡವನ್ನು ಒಂದಿಷ್ಟು ಎಳೆದು, ದ್ವಿಧ್ರುವವನ್ನು ಹುಟ್ಟಿಸಿ, ಅದನ್ನೇ ಹಿಡಿದು ತನ್ನತ್ತ ಸೆಳೆಯುತ್ತದೆ. 2012ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂದ ಅವರ ತಂಡದ ಕೆಲಸದಲ್ಲಿ ಬೋನಿನಲ್ಲಿದ್ದ ರುಬಿಡಿಯಂ ಅಯಾನುಗಳು, ಅದೇ ಬೋನಿನ ನಡುವೆ ಲೇಸರಿನಿಂದ ತಣ್ಣಗೆ ಮಾಡಿಟ್ಟ ರುಬಿಡಿಯಂ ಪರಮಾಣುಗಳಿಗೆ ಡಿಕ್ಕಿ ಹೊಡೆದು ತಣ್ಣಗಾದವು. ತಣಿಸುವ ಪರಮಾಣು ಅಯಾನಿಗಿಂತ ಹಗುರವಾಗಿರಬೇಕು ಎಂಬ ನಂಬಿಕೆ 1960ರ ದಶಕದಿಂದ ಇತ್ತು. ಇಲ್ಲಿ ಎರಡರ ತೂಕವೂ ಒಂದೇ. ಪರಮಾಣುಗಳು ಬೋನಿನ ನಟ್ಟನಡುವೆ ಮಾತ್ರ ಇದ್ದದ್ದರಿಂದ ಸಾಧ್ಯವಾಯಿತು. ಕೆಲವು ಡಿಕ್ಕಿಗಳಲ್ಲಿ ಎಲೆಕ್ಟ್ರಾನು ಅತ್ತಿಂದಿತ್ತ ಜಿಗಿಯುತ್ತದೆ. ಓಡುತ್ತಿದ್ದ ಅಯಾನು ತಟಸ್ಥವಾಗಿ ಹೊರಟುಹೋಗುತ್ತದೆ, ತಣ್ಣಗೆ ನಿಂತಿದ್ದ ಪರಮಾಣುವೇ ಅಯಾನಾಗಿ ಉಳಿಯುತ್ತದೆ. ವೇಗ ಇಳಿಸದೆಯೇ ತಣ್ಣನೆಯ ಅಯಾನು ಸಿಕ್ಕಿತು!

ಅಣುವನ್ನು ನಿಲ್ಲಿಸಿ ಏನು ಮಾಡುತ್ತೀರಿ ಎಂದು ಕೇಳುವವರಿಗೆ ಉತ್ತರ ಜಯನಗರಕ್ಕೆ ಇನ್ನೂ ಹತ್ತಿರದಲ್ಲಿದೆ. ಬಿ.ಟಿ.ಎಂ. ಲೇಔಟಿನಿಂದ ಹೊಸೂರು ರಸ್ತೆ ದಾಟಿದರೆ ಕೋರಮಂಗಲ 2ನೇ ಬ್ಲಾಕಿನಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ. ನಕ್ಷತ್ರ ನೋಡುವವರ ಆ ಸಂಸ್ಥೆಯಲ್ಲಿ ಬಿ.ಪಿ. ದಾಸ್ ಮತ್ತು ಅವರ ವಿದ್ಯಾರ್ಥಿಗಳು ಅಣುವಿನ ಒಳಗೆ ನೋಡುವ ಲೆಕ್ಕ ಹಾಕುತ್ತಿದ್ದರು. ಪ್ರಶ್ನೆ ಎಲೆಕ್ಟ್ರಾನಿನದು. ಅದರ ಆವೇಶ ಪೂರ್ತಿ ದುಂಡಗೆ ಹರಡಿದೆಯೋ, ಅಥವಾ ಒಂದು ಕಡೆಗೆ ಕೂದಲೆಳೆಯಷ್ಟು ವಾಲಿದೆಯೋ? ವಾಲಿದ್ದರೆ ಕಾಲವನ್ನು ಹಿಂದಕ್ಕೆ ಓಡಿಸಿದರೆ ಭೌತನಿಯಮಗಳು ಹಾಗೆಯೇ ಇರುವುದಿಲ್ಲ ಎಂದಾಗುತ್ತದೆ. ವಿಶ್ವದಲ್ಲಿ ದ್ರವ್ಯ ಹೆಚ್ಚಾಗಿ ಪ್ರತಿದ್ರವ್ಯ ಇಲ್ಲವೆನ್ನುವಷ್ಟಾದ ಕಾರಣದ ಎಳೆ ಸಿಗಬಹುದು.

ಆ ವಾಲನ್ನು ಅಳೆಯಲು ಭಾರಿ ಕ್ಷೇತ್ರ ಬೇಕು. ಪ್ರಯೋಗಾಲಯದಲ್ಲಿ ಲಕ್ಷ ವೋಲ್ಟ್ ಮಾಡುವುದರೊಳಗೆ ಸುಸ್ತು. ಭಾರವಾದ ಪರಮಾಣು ಇರುವ ದ್ವಿಧ್ರುವ ಅಣುವಿನ ಒಳಗೆ ಎಲೆಕ್ಟ್ರಾನಿಗೆ ತಾಗುವ ಕ್ಷೇತ್ರ ಅದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು. ಹೊರಗಿನಿಂದ ಸಣ್ಣ ಕ್ಷೇತ್ರ ಕೊಟ್ಟು ಅಣುವನ್ನು ಒಂದು ದಿಕ್ಕಿಗೆ ನಿಲ್ಲಿಸಿದರೆ ಸಾಕು, ಒಳಗಿನದು ತಾನಾಗಿ ಸಿಗುತ್ತದೆ. ತೊಡಕೇನೆಂದರೆ ಒಳಗಿನ ಕ್ಷೇತ್ರವನ್ನು ಯಾವ ಮೀಟರಿನಿಂದಲೂ ಅಳೆಯಲಾಗದು. ಪ್ರಯೋಗ ಕೊಡುವುದು ಎಲೆಕ್ಟ್ರಾನಿನ ವಾಲು ಮತ್ತು ಆ ಕ್ಷೇತ್ರ ಇವೆರಡರ ಗುಣಲಬ್ಧವನ್ನು. ಭಾಗಿಸಲು ಬೇಕಾದ ಅಂಕಿಯನ್ನು ಸಾಪೇಕ್ಷತೆ ಸೇರಿಸಿದ ಕ್ವಾಂಟಮ್ ಲೆಕ್ಕದಿಂದಲೇ ಪಡೆಯಬೇಕು. ಕೋರಮಂಗಲದ ಕೆಲಸ ಅದು. 2015ರಲ್ಲಿ ಪ್ರಸನ್ನಾ, ವುಥಾ, ಆಬೆ, ದಾಸ್ ಪ್ರಕಟಿಸಿದ ಲೆಕ್ಕದ ಪ್ರಕಾರ ಪಾದರಸದ ಫ್ಲೋರೈಡ್ ಅಣುವಿನಲ್ಲಿ ಈ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 115 ಗಿಗಾವೋಲ್ಟ್. ನಮ್ಮ ಲೆಕ್ಕದಲ್ಲಿ 11,500 ಕೋಟಿ ವೋಲ್ಟ್.

ಹಾಗಾದರೆ ಪಾದರಸದ ಅಣುವನ್ನೇ ಹಿಡಿದು ನಿಲ್ಲಿಸಬಹುದಲ್ಲ? ಅದರ ತೂಕ ಕಾರ್ಬನ್ ಮಾನಾಕ್ಸೈಡಿನ ಎಂಟು ಪಟ್ಟು. ಅದೇ ವೇಗದಲ್ಲಿ ಎಂಟು ಪಟ್ಟು ಶಕ್ತಿ ಕೀಳಬೇಕು. ಸಾಲದ್ದಕ್ಕೆ ಭಾರದ ಅಣುಗಳ ತಿರುಗಾಟದ ಮಟ್ಟಗಳು ಒತ್ತೊತ್ತಾಗಿರುವುದರಿಂದ, ಕ್ಷೇತ್ರ ಒಂದು ಮಿತಿ ದಾಟಿತೆಂದರೆ ಸಪ್ಪೆ ಜಾಗ ಬಯಸುತ್ತಿದ್ದ ಅಣು ಮನಸ್ಸು ಬದಲಿಸಿ ಜೋರಾದ ಕಡೆಗೇ ನುಗ್ಗಿ ಕಡ್ಡಿಗೆ ಬಡಿಯುತ್ತದೆ. ವೋಲ್ಟೇಜ್ ಏರಿಸಿ ಗೆಲ್ಲುವ ಹಾಗಿಲ್ಲ, ಯಂತ್ರವನ್ನೇ ಉದ್ದ ಮಾಡಬೇಕು. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ 4 ಮೀಟರಿಗೂ ಉದ್ದದ ಯಂತ್ರ ಕಟ್ಟಿ 2021ರಲ್ಲಿ ಸ್ಟ್ರಾನ್ಷಿಯಂ ಫ್ಲೋರೈಡನ್ನು ನಿಲ್ಲಿಸಿದರು. ಅವರ ಕಣ್ಣು ಬೇರಿಯಂ ಫ್ಲೋರೈಡಿನ ಮೇಲಿದೆ: ಒಳಗಿನ ಕ್ಷೇತ್ರ ಪಾದರಸದ್ದಕ್ಕಿಂತ ತೀರ ಕಡಿಮೆ, ಆದರೆ ಹಿಡಿಯಲು ಸಿಗುತ್ತದೆ. ಈ ನಡುವೆ 2023ರಲ್ಲಿ ಅಮೆರಿಕದ ಬೋಲ್ಡರ್‌ನ ತಂಡವೊಂದು ಎಲ್ಲರಿಗಿಂತ ಸೂಕ್ಷ್ಮವಾದ ಅಳತೆ ಪ್ರಕಟಿಸಿತು. ಅವರು ಬಳಸಿದ್ದು ಹ್ಯಾಫ್ನಿಯಂ ಫ್ಲೋರೈಡಿನ ಅಯಾನನ್ನು, ಆವೇಶವಿರುವ ಅಣುವನ್ನು. ಹಿಡಿಯಲು ಸುಲಭವಾದದ್ದು ಮುಂದೆ ಹೋಯಿತು. ಎಲೆಕ್ಟ್ರಾನು ಇನ್ನೂ ದುಂಡಗೇ ಇದೆ.

ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಅಚ್ಚಿನಲ್ಲಿ ಸೇರಿಸುತ್ತಿದ್ದೇನೆ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸಾರ್, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ವಾಹನಗಳು ಬಿಡುವುದೂ ಇದೇ ಕಾರ್ಬನ್ ಮಾನಾಕ್ಸೈಡ್ ಅಲ್ಲವೇ? ಅಲ್ಲೂ ಹೀಗೆ ಕಡ್ಡಿ ನೆಟ್ಟು ಅದನ್ನು ಹಿಡಿಯಬಹುದೇ?”

ಆಗದಮ್ಮ. ಯಂತ್ರದೊಳಗೆ ಅಣು 35 ಸೆಂಟಿಮೀಟರ್ ದೂರ ಯಾರಿಗೂ ಡಿಕ್ಕಿ ಹೊಡೆಯದೆ ಹೋಗುತ್ತದೆ, ಏಕೆಂದರೆ ಅಲ್ಲಿ ನಿರ್ವಾತ. ರಸ್ತೆಯ ಗಾಳಿಯಲ್ಲಿ ಒಂದು ಅಣು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು ಸಾಗುವಷ್ಟರಲ್ಲಿ ಇನ್ನೊಂದಕ್ಕೆ ಬಡಿಯುತ್ತದೆ, ಸೆಕೆಂಡಿಗೆ ನೂರಾರು ಕೋಟಿ ಸಲ. ಕ್ಷೇತ್ರ ಕಲಿಸಿದ್ದನ್ನೆಲ್ಲ ಮುಂದಿನ ಡಿಕ್ಕಿ ಮರೆಸಿಬಿಡುತ್ತದೆ. ಲೇಸರ್ ಹೊಡೆಯದ ಮಾಮೂಲಿ ಕಾರ್ಬನ್ ಮಾನಾಕ್ಸೈಡಿನ ದ್ವಿಧ್ರುವವೋ, ನಗಣ್ಯ. ಕಾರ್ಖಾನೆ ಚಿಮಣಿಗಳಲ್ಲಿ ಹೈ ವೋಲ್ಟೇಜ್ ಹಾಕಿ ಹೊಗೆ ಶುದ್ಧ ಮಾಡುವುದನ್ನು ನೀನು ಕೇಳಿರಬಹುದು. ಅಲ್ಲಿ ಹಿಡಿಯುವುದು ಅನಿಲವನ್ನಲ್ಲ, ಬೂದಿಯ ಕಣಗಳನ್ನು. ಅದೂ ಮೊದಲು ಅವಕ್ಕೆ ಆವೇಶ ಕೊಟ್ಟು. ಕಾರ್ಬನ್ ಮಾನಾಕ್ಸೈಡಿಗೆ ಮದ್ದು ವಾಹನದ ಸೈಲೆನ್ಸರಿಗೆ ಮುಂಚೆ ಕೂರಿಸಿರುವ ಕ್ಯಾಟಲಿಟಿಕ್ ಕನ್ವರ್ಟರು. ಅದರೊಳಗಿನ ಪ್ಲಾಟಿನಂ ಪೆಲೇಡಿಯಂ ಲೇಪದ ಮೇಲೆ ಅದು ಆಕ್ಸಿಜನ್ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಅದೂ ಎಂಜಿನ್ ಬಿಸಿಯೇರಿದ ಮೇಲೆ.